ಕುಂಭಾರಿಯ ಬಿಸಿಲಿಗೆ ಶಾಮಿಯಾನ

ಸೋಲಾಪುರದ ಚಾಟಿ ಗಲ್ಲಿಯಲ್ಲಿ ಮಲಕಾಜಪ್ಪ ಶೇಠರ ಬಟ್ಟೆ ಅಂಗಡಿಯ ಹೆಸರು ಎತ್ತಿದರೆ ಜನ ಮೊದಲು ಗೌರವದಿಂದ ತಲೆಯಾಡಿಸುತ್ತಿದ್ದರು, ಆಮೇಲೆ ಮುಸಿಮುಸಿ ನಗುತ್ತಿದ್ದರು. ಗೌರವ ಅಂಗಡಿಗೆ. ನಗು ಮಾತ್ರ ಅವರ ತಂದೆ ಸಾತಲಿಂಗಪ್ಪ ಅಕ್ಕಲಕೋಟ ರಸ್ತೆಯಲ್ಲಿ ಕುಂಭಾರಿಯ ಆಚೆ ಕೊಂಡಿದ್ದ ಭೂಮಿಗೆ. ಕಣ್ಣು ಹಾಯುವಷ್ಟು ದೂರ ಕಲ್ಲೇ ಕಲ್ಲು, ಆಡು ಸಹ ಅಲ್ಲಿ ಮೇಯಲು ನಾಚಿಕೊಳ್ಳುತ್ತಿತ್ತು. ಗಲ್ಲಿಯವರು ಅದಕ್ಕೆ ‘ಸಾತಲಿಂಗಪ್ಪನ ತೋಟ’ ಎಂದು ಹೆಸರಿಟ್ಟಿದ್ದರು. ಮುದುಕ ತೀರಿಹೋದರೂ ಈ ಚೇಷ್ಟೆ ತೀರಲಿಲ್ಲ. ಅಪ್ಪನನ್ನು ಮೂರ್ಖನೆಂದು ಆಡಿಕೊಂಡು ನಗುವವರನ್ನು ಕಂಡರೆ ಮಲಕಾಜಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ನೆರೆಮನೆಯ ದಿಗಂಬರರಾಯ ಒಂದು ಸುದ್ದಿ ತಂದ. ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವನು. ಸಾಹೇಬರ ಬಾಯಿಂದ ಮಾತು ಹೊರಬೀಳುವ ಮೊದಲೇ ಅವನ ಕಿವಿ ಮುಟ್ಟುತ್ತಿತ್ತು.

“ಶೇಠರ, ಬಿಸಲಿನಿಂದ ಕರೆಂಟ್ ತಗಿಯೂ ದೊಡ್ಡ ಕಾರಖಾನಿ ಹಾಕ್ತಾರಂತ. ಪೆಟ್ರೋಲ್, ಡೀಸೆಲ್ ತುಟ್ಟಿ ಆದ ಮ್ಯಾಲ ದಿಲ್ಲಿಯವ್ರಿಗೂ ಸೂರ್ಯ ನೆನಪಾಗ್ಯಾನ. ಜಾಗಾ ನೋಡಾಕ ಮುಂಬೈದಿಂದ ಕಮಿಟಿ ಬರಾಕತ್ತದ.”

“ಎಂಥಾ ಜಾಗಾ ಬೇಕಂತ?”

“ಗಿಡ ಇರಬಾರ್ದು, ನೆಳ್ಳ ಇರಬಾರ್ದು, ಬೆಳಿ ಇರಬಾರ್ದು. ಬರೇ ಬಿಸಲಿರಬೇಕು.”

ಮಲಕಾಜಪ್ಪನ ಕಣ್ಣು ತುಂಬಿ ಬಂತು. ಸರಕಾರ ತನ್ನ ಅಪ್ಪನ ಹೊಲವನ್ನೇ ಬಣ್ಣಿಸಿದಂತೆ ಕೇಳಿಸಿತು. “ಭೂಮಿ ಪುಕಟ ಕೊಡ್ತೀನಿ ಅಂತ ಹೇಳ್ರಿ. ಕಾರಖಾನಿ ಬಾಗಿಲ ಮ್ಯಾಲ ನಮ್ಮ ಅಪ್ಪನ ಹೆಸರಿನ ಬೋರ್ಡ್ ಇರಬೇಕು. ಅಷ್ಟ ಸಾಕು.”

“ಅದು ಕಮಿಟಿ ಸಾಹೇಬ್ರ ಕೈಯಾಗಿನ ಮಾತು. ಅವರನ್ನ ಖುಷಿ ಇಡ್ರಿ. ಕಮಿಟಿ ಜಾಗಾ ನೋಡೂದಿಲ್ರಿ, ವ್ಯವಸ್ಥಾ ನೋಡತದ.”

ದಿಗಂಬರರಾಯನ ಈ ಮಾತು ಅನುಭವದಿಂದ ಬಂದದ್ದು. ಬಂದ ಕಮಿಟಿಗಳೆಲ್ಲ ಮಾವಿನ ಆಮರಸ ಉಂಡು, ತೇಗಿ, ಸಹಿ ಹಾಕಿ ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮಲಕಾಜಪ್ಪನೂ ಕಡಿಮೆಯವನಲ್ಲ. ಮನೆಗೆ ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿದ ಕಳಂಕ ಆ ಮನೆತನಕ್ಕೆ ಇರಲಿಲ್ಲ. ಕಲ್ಲುಭೂಮಿಯ ನಟ್ಟನಡುವೆ ಎರಡು ಪದರಿನ ಶಾಮಿಯಾನ ಎದ್ದಿತು. ಸುತ್ತ ಲಾವಂಚದ ತಟ್ಟಿ, ಅದಕ್ಕೆ ನೀರು ಚಿಮುಕಿಸಲು ಆಳುಗಳು, ನೀರಿಗೆ ಟ್ಯಾಂಕರು, ಸೋಲಾಪುರದಿಂದ ಕುಂಡಗಳಲ್ಲಿ ಬಂದ ಬಾಳೆಗಿಡ. ಫ್ಯಾನು ತಿರುಗಲು ಡೀಸೆಲ್ ಜನರೇಟರು. ಸೂರ್ಯನಿಂದ ಕರೆಂಟು ತೆಗೆಯಲು ಬರುವವರಿಗೆ ಡೀಸೆಲ್ಲಿನಿಂದ ಗಾಳಿ!

ಕಮಿಟಿ ಮಧ್ಯಾಹ್ನ ಬಂತು. ಅಧ್ಯಕ್ಷ ಪಂಢರಿನಾಥ ಸಾಹೇಬರು ಕಪ್ಪು ಕನ್ನಡಕ ಹಾಕಿಕೊಂಡು, ಜವಾನ ಹಿಡಿದ ಕೊಡೆಯ ಕೆಳಗೆ ಕಾರಿನಿಂದ ಶಾಮಿಯಾನಕ್ಕೆ ಒಂದೇ ಉಸಿರಿಗೆ ದಾಟಿದರು. ಅವರೊಡನೆ ಬಂದ ಇಂಜಿನಿಯರು ಶಿವಾನಂದ ಬಿಸಿಲು ಅಳೆಯುವ ಯಂತ್ರ ಎತ್ತಿಕೊಂಡು ಹೊಲದ ಕಡೆ ಹೊರಟ. ಮಲಕಾಜಪ್ಪ ಓಡಿಹೋಗಿ ಅವನ ರಟ್ಟೆ ಹಿಡಿದ.

“ಎಲ್ಲಿಗಿ ಹೊಂಟ್ರಿ? ಈ ರಣಬಿಸಲಾಗ ತಲಿ ತಿರುಗಿ ಬಿದ್ರ ನಮ್ಮ ಮಾನ ಹೋಗತದ. ಇಲ್ಲೇ ಇಟ್ಟು ನೋಡ್ರಿ. ಮೊದಲ ಊಟಾ ಮಾಡ್ರಿ.”

ಶಿವಾನಂದ ಸಾಹೇಬರ ಮುಖ ನೋಡಿದ. ಸಾಹೇಬರು ಪುರಿಯನ್ನು ಆಮರಸಕ್ಕೆ ಅದ್ದುತ್ತ, ಶೇಠರು ಹೇಳಿದಂತೆ ಮಾಡು ಎಂದು ಕೈಸನ್ನೆ ಮಾಡಿದರು. ಯಂತ್ರ ಶಾಮಿಯಾನದೊಳಗೆ ಬಾಳೆಗಿಡದ ಪಕ್ಕದಲ್ಲಿ ಕೂತಿತು.

ಊಟವಾಯಿತು. ಮಂಜುಗಡ್ಡೆ ಹಾಕಿದ ಶರಬತ್ತಾಯಿತು. ಲೋಡಿಗೆ ಒರಗಿದ ಕಮಿಟಿ ಗೊರಕೆ ಹೊಡೆಯಿತು. ಎದ್ದ ಮೇಲೆ ಶಿವಾನಂದ ಯಂತ್ರದ ಮುಳ್ಳು ನೋಡಿ ಅಂಕಿ ಹೇಳಿದ, ಕಮಿಟಿಯ ಜೊತೆ ಬಂದಿದ್ದ ದಿಗಂಬರರಾಯ ವರದಿಯಲ್ಲಿ ಬರೆದುಕೊಂಡ, ಸಾಹೇಬರು ಕನ್ನಡಕ ಒರೆಸಿಕೊಂಡು ಸಹಿ ಹಾಕಿದರು.

“ಶೇಠಜೀ, ನಿಮ್ಮ ಆತಿಥ್ಯ ಸಾಯೋವರೆಗೂ ಮರೆಯೋದಿಲ್ಲ. ಎಂಥ ತಂಪು ಜಾಗ! ಆದರೆ ನಮ್ಮ ಕೆಲಸಕ್ಕೆ ಇಲ್ಲಿ ಬಿಸಿಲು ಸಾಲದು.”

ಕುಂಭಾರಿಯಲ್ಲಿ, ಮೇ ತಿಂಗಳಲ್ಲಿ, ಬಿಸಿಲು ಸಾಲದು! ಮಲಕಾಜಪ್ಪ ಲಾವಂಚದ ತಟ್ಟಿಯನ್ನು ಎರಡೂ ಕೈಯಿಂದ ಸರಿಸಿದ. ಬೆಂಕಿಯಂಥ ಝಳ ಒಳಗೆ ನುಗ್ಗಿತು.

“ಸಾಹೇಬ್ರ, ನಿಮ್ಮ ಕಾಲಿಗಿ ಬೀಳ್ತೀನಿ. ಒಂದ ಮಿನಿಟ್ ಹೊರಗ ಬಂದ ನಿಂದರ್ರಿ.”

“ಅಹೋ ಶೇಠಜೀ, ಈ ಬಿಸಿಲಲ್ಲೇ? ನನ್ನನ್ನು ಕೊಲ್ಲಬೇಕು ಅಂತ ಮಾಡಿದ್ದೀರಾ?”

“ಹಂಗ ಅಂತನ ಬರೀರಿ, ಸಾಹೇಬ್ರ! ಮನಷ್ಯಾ ಸಾಯೂವಷ್ಟು ಬಿಸಲದ ಅಂತ ಬರೀರಿ!”

“ಸಹಿ ಆಗಿಹೋಯಿತಲ್ಲ,” ಎಂದರು ಸಾಹೇಬರು ನಿಜವಾಗಿಯೂ ಮರುಗಿ. ಕೊಡೆ ಬಿಚ್ಚಿಕೊಂಡಿತು, ಕಾರಿನ ಪರದೆ ಬಿತ್ತು, ಕಮಿಟಿ ಧೂಳೆಬ್ಬಿಸಿಕೊಂಡು ಹೋಯಿತು. ದಿಗಂಬರರಾಯ ಅದರ ಹಿಂದಿನ ಜೀಪು ಹತ್ತಿದ. ಶೇಠರ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಮಲಕಾಜಪ್ಪ ಶಾಮಿಯಾನ ಬಿಟ್ಟು ಹೊಲದ ನಡುವೆ ಹೋಗಿ, ತಲೆಯ ರುಮಾಲು ತೆಗೆದು ನಿಂತುಕೊಂಡ. ಅಡುಗೆಯವರ ಹಿಂದೆ ಬೆಳಗಿನಿಂದ ದುಡಿದಿದ್ದ ಹೆಂಡತಿ ಕಸ್ತೂರಬಾಯಿ ಗಾಬರಿಯಾಗಿ ಕೂಗಿದಳು.

“ಒಳಗ ಬರ್ರಿ! ಬಿಸಲ ಬಡೀತದ!”

ಅವನ ಬೋಳು ತಲೆಯಿಂದ ಬೆವರು ಕಣ್ಣಿಗಿಳಿಯುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

“ಎಲ್ಲ್ಯದ ಬಿಸಲು? ನಾನಽ ಕೈ ಹಿಡದು, ಕುಂದ್ರಿಸಿ, ಉಣಿಸಿ, ಇಲ್ಲಂತ ಬರಸಿ ಕಳಿಸೀನಿ.”