ಒಳಗಿನ ತಟ್ಟು

ಚಾವಣಿಯ ಸಣ್ಣ ಫ್ಯಾನು ತಿರುಗುತ್ತಲೇ ಇದೆ, ಯಾರಿಗೆ ಗಾಳಿ ಬೀಸುತ್ತಿದೆಯೋ ಮುಂಡೇದು, ಬೀದಿಯಲ್ಲೆಲ್ಲ ಕರೆಂಟು ಹೋಗಿ ಎದುರು ಮನೆಯ ಮಿಕ್ಸಿ ಅರ್ಧಕ್ಕೇ ಬಾಯಿ ಮುಚ್ಚಿಕೊಂಡಿದೆ, ಈ ಟ್ರೇಲರಿನೊಳಗೆ ಮಾತ್ರ ಬ್ಯಾಟರಿಯ ಹಸಿರು ದೀಪ ಕಣ್ಣು ಮಿಟುಕಿಸದೆ ಉರಿಯುತ್ತಿದೆ, ಮೇಲಿನ ಸೋಲಾರ್ ಪ್ಲೇಟುಗಳು ಬಿಸಿಲು ಕುಡಿದು ಕುಡಿದು ಹೊಟ್ಟೆ ತುಂಬಿಸಿಕೊಂಡಿವೆ — ಎಲ್ಲ ಸರಿಯಾಗಿದೆ, ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಮಾಡಿದ ವೈರಿಂಗು, ಎಲ್ಲಿ, ಒಂದು ತಪ್ಪು ತೋರಿಸಿ ನೋಡೋಣ. ಅವನು ಹಲಗೆಯ ಮಂಚದ ಅಂಚಿನಲ್ಲಿ ಕೂತಿದ್ದಾನೆ, ಅಪ್ಪ ಕೂತಿದ್ದ ಕಡೆಯಲ್ಲಲ್ಲ, ಅದರ ಪಕ್ಕಕ್ಕೆ, ಕೈ ಮಾತ್ರ ತಾನಾಗಿ ಕಿಟಕಿಯ ಕೆಳಗಿನ ತಗಡಿನತ್ತ ಹೊರಡುತ್ತದೆ, ಅವನು ಅದನ್ನು ಎಳೆದು ತೊಡೆಯ ಕೆಳಗೆ ಅದುಮಿಟ್ಟುಕೊಳ್ಳುತ್ತಾನೆ. ಬೇಡ, ಅದನ್ನು ಮುಟ್ಟುವುದು ಬೇಡ. ಮಿಲಿಟರಿಯವರು ಹರಾಜಿಗೆ ಹಾಕಿದ ಗಾಡಿ, ಯಾವುದೋ ಕಾಲದಲ್ಲಿ ವೈರ್‌ಲೆಸ್ ಪೆಟ್ಟಿಗೆಗಳನ್ನು ಹೊತ್ತು ತಿರುಗಿದ್ದು, ಹಸಿರು ಬಣ್ಣ ಪೊರೆಪೊರೆಯಾಗಿ ಎದ್ದಿತ್ತು, ಹರಾಜಿನ ಅಂಗಳದ ಗುಮಾಸ್ತ ಹಲ್ಲು ಕಿರಿದಿದ್ದ, ಇದನ್ನ ತಗೊಂಡು ಏನ್ ಮಾಡ್ತೀಯೋ, ಕೋಳಿ ಸಾಕ್ತೀಯಾ, ಇಲ್ಲ ಅಪ್ಪನ್ನ ಸಾಕ್ತೀನಿ ಅಂದಿದ್ದ ಅವನು, ಸುತ್ತ ನಿಂತವರೆಲ್ಲ ನಕ್ಕರು, ನಗಲಿ, ಅವರಪ್ಪಂದಿರಿಗೆಲ್ಲ ಪುಪ್ಪುಸ ಗಟ್ಟಿ ಇದೆ. ಮನೆಗೆ ಎಳೆದು ತಂದ ದಿನ ಅಪ್ಪ ಮೂಗಿನ ನಳಿಕೆ ಸರಿಮಾಡಿಕೊಂಡು ಬಾಗಿಲಲ್ಲೇ ನಿಂತು ನೋಡಿದ, ಯುದ್ಧಕ್ಕೆ ಹೋಗಿ ಸಾಯದೆ ವಾಪಸ್ ಬಂದಿದೆ ಅಂದ್ರೆ ಗಟ್ಟಿ ಪಿಂಡ ಕಣೋ ಇದು, ಅಂದ, ನಕ್ಕ, ನಕ್ಕಿದ್ದಕ್ಕೆ ಕೆಮ್ಮಿದ, ಕೆಮ್ಮಿದ್ದಕ್ಕೆ ಅಕ್ಕ ಇಬ್ಬರಿಗೂ ಬೈದಳು.

ಕರೆಂಟು ಹೋದಾಗಲೆಲ್ಲ ಉಸಿರಿನ ಮೆಷೀನು ಕುಂಯ್ ಅಂತ ಅತ್ತು ನಿಲ್ಲುತ್ತಿತ್ತು, ಅಪ್ಪನ ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತಿತ್ತು, ತುಟಿ ನೀಲಿಯಾಗುತ್ತಿತ್ತು, ಅಕ್ಕ ಬೆನ್ನುಜ್ಜುತ್ತಿದ್ದಳು, ಅವನು ಕರೆಂಟ್ ಆಫೀಸಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದ, ಬೈದು ಏನು ಬಂತು, ಆ ಕಡೆಯವನು ಫೋನು ಎತ್ತಿ ಪಕ್ಕಕ್ಕಿಟ್ಟು ಊಟಕ್ಕೆ ಹೋಗುತ್ತಿದ್ದ. ಅದಕ್ಕೇ ಈ ಗಾಡಿ. ಕಂಬಗಳೇ ಮುಗಿದುಹೋಗುವ ಕಡೆ, ಗುಡ್ಡದಾಚೆ, ನೀರಿನ ಪಕ್ಕ ನಿಲ್ಲಿಸಿ ಯಾರ ಹಂಗೂ ಇಲ್ಲದೆ ಅಪ್ಪನ ಮೂಗಿಗೆ ಗಾಳಿ ಕೊಡುವುದು, ಸೂರ್ಯನೇನು ಊಟಕ್ಕೆ ಹೋಗುತ್ತಾನೆಯೇ. ಮಂಚದಡಿಗೆ ಬ್ಯಾಟರಿ, ತಲೆದೆಸೆಗೆ ಮೆಷೀನಿಗೊಂದು ಗೂಡು, ಮೂಲೆಗೆ ನೀರಿನ ಡ್ರಮ್ಮು, ಗೋಡೆಗೆಲ್ಲ ಥರ್ಮಾಕೋಲು, ಅದರ ಮೇಲೆ ಪ್ಲೈವುಡ್ಡು, ಕಿಟಕಿಯ ಕೆಳಗಿನದೊಂದು ತಗಡು ಮಾತ್ರ ಉಳಿದಿತ್ತು, ತುಕ್ಕು ತಿಂದದ್ದನ್ನು ಕತ್ತರಿಸಿ ತೆಗೆದು ಹೊಸದು ಕೂರಿಸಬೇಕಿತ್ತು, ಒಂದೇ ಒಂದು ತಗಡು, ಅದು ಮುಗಿದಿದ್ದರೆ ಮರುದಿನ ಹೊರಡುವುದಿತ್ತು. ಒಂದೇ ಕಡೆಯಿಂದ ಹೊಡೆಯುವ ರಿವೆಟ್ಟು ತಂದಿದ್ದ ಅವನು, ಗನ್ನಿಗೆ ಸಿಕ್ಕಿಸಿ ಟಕ್ ಅಂದರೆ ಮುಗಿಯಿತು, ಒಬ್ಬನೇ ಮಾಡಬಹುದು, ಅಪ್ಪ ಅದನ್ನು ಅಂಗೈಯಲ್ಲಿಟ್ಟು ಸತ್ತ ನೊಣ ನೋಡಿದಂತೆ ನೋಡಿದ, ಇದು ಡಬ್ಬಕ್ಕೆ ಕಣೋ, ಗಾಡಿಗಲ್ಲ, ರಸ್ತೇಲಿ ಕುಲುಕಾಡಿದ್ರೆ ಉದುರಿ ಹೋಗುತ್ತೆ, ಗಟ್ಟಿ ರಿವೆಟ್ಟು ತಗೊಂಡ್ ಬಾ, ಒಳಗಡೆ ನಾನ್ ಹಿಡ್ಕೋತೀನಿ. ನೀನಾ, ಉಸಿರೇ ಹಿಡ್ಕೊಳ್ಳೋಕಾಗಲ್ಲ ನಿನ್ ಕೈಲಿ, ಕಬ್ಬಿಣ ಹಿಡ್ಕೋತೀಯಾ. ಲೇ, ನಿಮ್ಮಪ್ಪ ಕಣೋ ನಾನು. ಹಠ ಅಂದರೆ ಅದು, ಸಾಯುವ ಹಠ, ಹಾಗಾದರೆ ತಪ್ಪು ಅಪ್ಪನದೇ, ಇಲ್ಲಾ ಮೂಗಿಗೊಂದು ಬಟ್ಟೆಯನ್ನೂ ಕೊಡದೆ ಇಪ್ಪತ್ತು ವರ್ಷ ಅವನ ಪುಪ್ಪುಸಕ್ಕೆ ಕಬ್ಬಿಣದ ಧೂಳು ತುಂಬಿದ ಆ ನೀರಿನ ಟ್ಯಾಂಕು ಕಟ್ಟುವ ಶೆಡ್ಡಿನ ಮಾಲೀಕನದು, ಅವನ ಮನೆ ಹಾಳಾಗ, ಇಲ್ಲಾ ಕರೆಂಟಿನವನದು, ಇಲ್ಲಾ — ಕೈ ಮತ್ತೆ ತೊಡೆಯ ಕೆಳಗಿನಿಂದ ಹೊರಬಂದಿದೆ, ಬೆರಳು ತಗಡಿನ ಮೇಲಿದೆ, ಮೊದಲ ರಿವೆಟ್ಟು, ಚಪ್ಪಟೆ, ಎರಡನೆಯದು ಚಪ್ಪಟೆ, ಗುಂಡಗೆ, ಅಂಗಿಯ ಗುಂಡಿಯ ಹಾಗೆ.

ಹೊರಗಿನವನು ರಿವೆಟ್ಟಿನ ತಲೆಯ ಮೇಲೆ ಹೊಡೆಯಬೇಕು, ಒಳಗಿನವನು ತೂರಿಬಂದ ಬಾಲಕ್ಕೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು, ಆಗ ಬಾಲ ಜಜ್ಜಿಹೋಗಿ ಚಪ್ಪಟೆಯಾಗಿ ಎರಡು ತಗಡನ್ನೂ ಕಚ್ಚುತ್ತದೆ. ಒಬ್ಬರ ಮುಖ ಒಬ್ಬರಿಗೆ ಕಾಣದು, ಮಾತು ಕೇಳದು, ಅದಕ್ಕೇ ತಟ್ಟು, ಒಳಗಿನವನು ಒಂದು ತಟ್ಟಿದರೆ ಸರಿಯಾಯಿತು ಮುಂದಕ್ಕೆ ಹೋಗು, ಎರಡು ತಟ್ಟಿದರೆ ಇನ್ನೂ ಹೊಡಿ, ಮೂರು ತಟ್ಟಿದರೆ ಕೆಟ್ಟಿತು, ಕೊರೆದು ತೆಗೆ. ತಟ್ಟು ಬರುವ ತನಕ ಹೊರಗಿನವನ ಕೈ ಏಳಬಾರದು, ಅಷ್ಟೇ, ಇದಕ್ಕೊಂದು ಪುಸ್ತಕವಿಲ್ಲ, ಅಪ್ಪ ಹೇಳಿದ್ದಷ್ಟೇ. ಆವತ್ತು ಅಪ್ಪ ಇಲ್ಲೇ, ಈ ಮಂಚದ ಮೇಲೆ, ಮೂಗಿಗೆ ನಳಿಕೆ, ತೊಡೆಯ ಮೇಲೆ ಗಟ್ಟಿ, ಮೆಷೀನು ಹೊಸ ಬ್ಯಾಟರಿಯ ಮೇಲೆ ಸುಯ್ ಸುಯ್ ಅನ್ನುತ್ತಿದೆ, ಬೆಳಗಿನ ಬಿಸಿಲು, ಅವನು ಹೊರಗಡೆ ಸುತ್ತಿಗೆ ಹಿಡಿದು ನಿಂತಿದ್ದಾನೆ, ಹೊಡಿ, ತಟ್ಟು, ಹೊಡಿ, ಎರಡು ತಟ್ಟು, ಮತ್ತೆ ಎರಡು, ಮತ್ತೆ, ಮುದುಕನಿಗೆ ಜನ್ಮದಲ್ಲಿ ನನ್ನ ಕೆಲಸ ಒಪ್ಪಿಗೆಯಾಗಿಲ್ಲ, ಮೂರು ತಟ್ಟು, ತೆಗೆ, ತೆಗೆದ, ಹೊಸದು ಹಾಕಿದ, ಮತ್ತೆ ಮೂರು, ಮತ್ತೆ ತೆಗೆದ, ಬೆವರು ಕಣ್ಣಿಗೆ ಇಳಿಯುತ್ತಿದೆ, ಮತ್ತೆ ಮೂರು. ಅವನ ನೆತ್ತಿಗೇರಿತು. ಸ್ಕೂಲು ಬಿಡಿಸಿ ಶೆಡ್ಡಿನಲ್ಲಿ ಗಟ್ಟಿ ಹಿಡಿಯಲು ಟ್ಯಾಂಕಿನೊಳಗೆ ಕೂರಿಸಿದ್ದೂ, ಗಣಿತದಲ್ಲಿ ನೀನು ಚುರುಕು ಕಣೋ ಅಂದ ಮೇಷ್ಟ್ರು ಮನೆ ತನಕ ಬಂದಾಗ ಅಪ್ಪ ತಲೆ ತಗ್ಗಿಸಿ ನಿಂತದ್ದೂ ಎಲ್ಲ ಒಟ್ಟಿಗೆ ನೆತ್ತಿಗೇರಿತು, ಕಿಟಕಿಯ ಸಂದಿಗೆ ಬಾಯಿಟ್ಟು ಕಿರುಚಿದ, ಸಾಕು ನಿನ್ ಮೇಸ್ತ್ರಿಗಿರಿ, ತಟ್ಟೋದೂ ಬೇಡ ಗಿಟ್ಟೋದೂ ಬೇಡ, ಬಾಯ್ ಮುಚ್ಕೊಂಡ್ ಸುಮ್ನೆ ಹಿಡ್ಕೋ.

ತಟ್ಟು ನಿಂತಿತು. ಆಮೇಲೆ ಎಷ್ಟು ಹಗುರ, ಕೇಳುವವರಿಲ್ಲ, ರಂಧ್ರ, ರಿವೆಟ್ಟು, ಸುತ್ತಿಗೆ, ಪಕ್ಕಕ್ಕೆ, ರಂಧ್ರ, ರಿವೆಟ್ಟು, ಸುತ್ತಿಗೆ, ಸಿಟ್ಟಿನಲ್ಲಿ ಕೆಲಸ ಎಷ್ಟು ಬೇಗ ಸಾಗುತ್ತದೆ, ತಗಡಿನ ಕೊನೆ ಮುಟ್ಟಿ ಬೆವರೊರೆಸಿ ಹೇಗಿದೆ ಈಗ ಅಂತ ಒಳಗೆ ಬಂದರೆ — ಮೆಷೀನು ಸುಯ್ ಸುಯ್ ಅನ್ನುತ್ತಲೇ ಇತ್ತು, ಹಸಿರು ದೀಪ ಉರಿಯುತ್ತಲೇ ಇತ್ತು, ಗಾಳಿ ಹೋಗುತ್ತಲೇ ಇತ್ತು, ತೆಗೆದುಕೊಳ್ಳುವವನು ಗೋಡೆಗೆ ಒರಗಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚು ಹಾಕಿ ಕಣ್ಣು ನೋಡಿ, ಯಾವಾಗ ಆಗಿದ್ದು ಇದು, ಅಂದರು. ಈಗ ಸಾರ್, ಈಗಷ್ಟೇ. ಈಗಷ್ಟೇ ಅಂದ್ರೆ ಎಷ್ಟ್ ಹೊತ್ತಾಯ್ತು. ಈಗ ಸಾರ್, ಕೆಲಸ ಮಾಡ್ತಾ ಇದ್ದ, ಹಾಗೇ ಒರಗಿಬಿಟ್ಟ. ಡಾಕ್ಟರು ಕೈ ತೊಳೆಯಲು ಹೋದರು, ಅವನು ನಂಬಿದ್ದ ಕೂಡ, ಈಗಷ್ಟೇ ಅಂತ, ಮಣ್ಣು ಮಾಡಿ ಬಂದು ಈ ಬಾಗಿಲು ತೆಗೆಯುವ ತನಕ ನಂಬಿದ್ದ.

ಬಾಗಿಲು ಕಿರುಗುಟ್ಟುತ್ತದೆ, ಅಕ್ಕ, ಕೈಯಲ್ಲಿ ಚಹಾ, ಮೂರು ದಿನದಿಂದ ಅತ್ತ ಮೂಗು ಕೆಂಪಾಗಿದೆ, ಇಲ್ಲಿ ಕೂತಿದೀಯಾ, ಮನೆಯೆಲ್ಲ ಹುಡುಕಿದೆ ಕಣೋ, ಕುಡಿ, ಆರಿಹೋಗುತ್ತೆ. ಅವನು ಕುಡಿಯುವುದಿಲ್ಲ. ಅಕ್ಕ ಸೆರಗಿನಿಂದ ಕಿಟಕಿಯ ಚೌಕಟ್ಟು ಒರೆಸುತ್ತಾಳೆ, ಇದನ್ನ ಮಾರಬೇಡ ಕಣೋ, ನಾವಿಬ್ರೇ ಹೋಗೋಣ, ಅಪ್ಪನಿಗೆ ತೋರಿಸ್ತೀನಿ ಅಂದಿದ್ದೆಯಲ್ಲ ಆ ನೀರಿನ ಹತ್ರಕ್ಕೆ, ಬಂದೋರಿಗೆಲ್ಲ ಅದನ್ನೇ ಹೇಳಿದೆ ನಾನು, ನಮ್ಮಪ್ಪ ಹಾಸಿಗೆ ಹಿಡಿದು ಸತ್ತಿಲ್ಲ, ಕೊನೇ ರಿವೆಟ್ಟಿನ ತನಕ ಹಿಡ್ಕೊಂಡಿದ್ದ ಅಂತ. ಹೂಂ ಅನ್ನುತ್ತಾನೆ ಅವನು. ಅಕ್ಕನ ಬೆರಳು ಸಾಲಿನ ಮೇಲೆ ನಿಧಾನವಾಗಿ ಹೋಗುತ್ತಿದೆ, ಮಲಗಿದ ಮಗುವಿನ ಬೆನ್ನು ಸವರಿದಂತೆ, ಚಪ್ಪಟೆ, ಚಪ್ಪಟೆ, ಚಪ್ಪಟೆ, ನಿಲ್ಲಿಸು ಅಕ್ಕ, ಅಲ್ಲಿಗೆ ನಿಲ್ಲಿಸು, ಬಾಯಿಂದ ಬರುವುದಿಲ್ಲ, ಬೆರಳು ಮುಂದಕ್ಕೆ ಹೋಗಿ ತಡೆಯುತ್ತದೆ. ಇದ್ಯಾಕೋ ಹೀಗೆ ಉದ್ದಕ್ಕೆ ಚುಚ್ಚುತ್ತೆ, ಇದೂ, ಇದೂ, ಅಲ್ಲಿಂದಾಚೆಗೆಲ್ಲ ಹೀಗೇ ಇದಾವಲ್ಲ, ಇವು ಬೇರೆ ಥರದ್ದಾ. ಹೂಂ, ಬೇರೆ ಥರದ್ದು. ಹೌದಾ, ಅನ್ನುತ್ತಾಳೆ, ಬೆರಳು ಬಾಯಲ್ಲಿಟ್ಟುಕೊಂಡು ಚೀಪುತ್ತಾಳೆ, ಚಹಾ ಕುಡಿಯೋ, ಅನ್ನುತ್ತಾಳೆ, ಹೋಗುತ್ತಾಳೆ.

ಕೊರೆದು ತೆಗೆಯಬಹುದು. ಡ್ರಿಲ್ಲು ಇಲ್ಲೇ ಇದೆ, ಬ್ಯಾಟರಿ ತುಂಬಿದೆ, ಆ ಟಕ್ ಅನ್ನುವ ಡಬ್ಬದ ರಿವೆಟ್ಟು ಹಾಕಿ ಮೇಲೊಂದು ಪ್ಲೈವುಡ್ಡು ಹೊಡೆದರೆ ಯಾರಪ್ಪನಿಗೂ ಗೊತ್ತಾಗುವುದಿಲ್ಲ, ಹೊರಗಿನಿಂದಂತೂ ಎಲ್ಲ ತಲೆಗಳೂ ಒಂದೇ ಸಮ, ಗುಂಡಗೆ, ಸಾಲಾಗಿ, ಅಷ್ಟು ಚೆನ್ನಾಗಿ ಅವನು ಎಂದೂ ಹೊಡೆದಿರಲಿಲ್ಲ. ಎಷ್ಟಿವೆ, ಎಣಿಸಬೇಡ, ಒಂದೊಂದಕ್ಕೂ ಕೊರೆದು, ತೂರಿಸಿ, ಹೊಡೆಯಲು ಎಷ್ಟು ಹೊತ್ತು, ಲೆಕ್ಕ ಹಾಕಬೇಡ, ಗಣಿತದಲ್ಲಿ ಚುರುಕು ಹುಡುಗ, ಹಾಕಬೇಡ. ತಟ್ಟಬೇಡ ಅಂದೆನಲ್ಲ, ಅದಕ್ಕೇ ತಟ್ಟಲಿಲ್ಲ, ನನಗೆ ಹೇಗೆ ಗೊತ್ತಾಗಬೇಕು — ಒಮ್ಮೆ ಅವನು ಟ್ಯಾಂಕಿನೊಳಗೆ ನಿದ್ದೆ ಹೋಗಿದ್ದ, ಸ್ಕೂಲು ಬಿಟ್ಟ ವರ್ಷ, ಒಳಗೆ ಕಾದ ಕಬ್ಬಿಣದ ಕತ್ತಲೆ, ಹಿಡಿದಿದ್ದ ಗಟ್ಟಿ ಮಡಿಲಿಗೆ ಜಾರಿತ್ತು, ಕಣ್ಣು ಬಿಟ್ಟರೆ ಅಪ್ಪ ಟ್ಯಾಂಕಿನ ಕಿರಿದಾದ ಬಾಯಿಯಲ್ಲಿ ಭುಜ ತರಚಿಕೊಂಡು ಅರ್ಧ ಒಳಗೆ ಬಂದಿದ್ದ, ಮುಖ ಬಿಳುಚಿತ್ತು, ಕೈಯಲ್ಲಿ ಸುತ್ತಿಗೆ ಇರಲಿಲ್ಲ, ಎಲ್ಲಿ ಬಿಸಾಡಿದ್ದನೋ, ಮಗನೇ, ತಟ್ಟು ಬರ್ಲಿಲ್ಲವಲ್ಲೋ, ಅಂದಿದ್ದ, ಅಷ್ಟೇ, ಬೈಯಲೂ ಇಲ್ಲ. ಒಂದೇ ಒಂದು ತಟ್ಟು ತಪ್ಪಿದ್ದಕ್ಕೆ. ಇಲ್ಲ, ಗೊತ್ತಾಗಿತ್ತು, ಗಟ್ಟಿ ಹಿಂದಿದ್ದರೆ ಸುತ್ತಿಗೆ ಕೈಗೆ ತಿರುಗಿ ಒದೆಯುತ್ತದೆ, ಹಿಂದೆ ಏನೂ ಇಲ್ಲದಿದ್ದರೆ ತಗಡು ಡೊಳ್ಳಾಗಿ ಒಳಕ್ಕೆ ಬಗ್ಗುತ್ತದೆ, ಬಗ್ಗಿತ್ತು, ಸದ್ದು ಬೇರೆಯಾಗಿತ್ತು, ಸರಿಯಾಗಿ ಒತ್ತಿ ಹಿಡಿಯೋಕೂ ಆಗಲ್ವಾ ಮುದುಕ ಅಂತ ಇನ್ನೂ ಜೋರಾಗಿ ಹೊಡೆದಿದ್ದ, ಕೈಗೆ ಗೊತ್ತಾಗಿತ್ತು, ಮೊದಲನೆಯದಕ್ಕೇ ಗೊತ್ತಾಗಿತ್ತು, ಡ್ರಿಲ್ಲು ಎತ್ತಿಕೊಂಡಿದ್ದಾನೆ, ಇಟ್ಟಿದ್ದಾನೆ, ಮತ್ತೆ ಬೆರಳು, ಚಪ್ಪಟೆ, ಚಪ್ಪಟೆ, ಚಪ್ಪಟೆ, ಆಮೇಲೆ ಒಂದು, ನೆಟ್ಟಗೆ, ಯಾರೂ ಹಿಡಿಯದ್ದು