ಹಿಟ್ಟು ಒಣಗುವ ಹೊತ್ತು

“ಓದೋಕೆ ಬರುತ್ತಾ ಅಂತ ಯಾರೇ ಕೇಳಿದ್ರು ನಿನ್ನ? ಸೈನ್ ಹಾಕೋಕೆ ಬರುತ್ತೋ ಇಲ್ವೋ, ಅಷ್ಟು ಬೊಗಳು.”

ಮ್ಯಾನೇಜರು ಕಾಗದವನ್ನು ಅವಳ ಕಡೆಗೆ ತಳ್ಳಿದರು. ಹಿಟ್ಟಕ್ಕ ಕೈಕಟ್ಟಿಕೊಂಡು ನಿಂತಿದ್ದಳು. ಹದಿನಾಲ್ಕು ವರ್ಷದಲ್ಲಿ ಈ ಕೋಣೆಗೆ ಅವಳು ಬಂದದ್ದು ಮೂರು ಸಲ. ಮೂರು ಸಲವೂ ಎದುರಿಗಿನ ಕುರ್ಚಿಗಳು ಖಾಲಿಯಿದ್ದವು, ಮೂರು ಸಲವೂ ಅವಳು ನಿಂತೇ ಇದ್ದಳು.

“ಓದೋಕೂ ಬರುತ್ತೆ ಸಾರ್.”

“ಹಂಗಾದ್ರೆ ಓದ್ಕೋ. ನಿನ್ನ ನಾದಿನಿ ತಲೇಲಿ ಪಿನ್ ಸಿಗಿಸ್ಕೊಂಡು ಒಳಗೆ ಬಂದ್ಲು. ಪಿನ್ ಹಲಗೆ ಮೇಲೆ ಬಿತ್ತು. ಹಿಟ್ಟು ಸಿಡೀತು, ಬೆರಳು ಹೋಯ್ತು. ನೀನು ಪಕ್ಕದಲ್ಲೇ ನಿಂತು ನೋಡ್ದೆ. ಇದ್ರಲ್ಲಿ ಅರ್ಥ ಆಗದೇ ಇರೋದು ಏನಿದೆ?”

ಪಿನ್ನು ಮೇಜಿನ ಮೇಲೇ ಇತ್ತು, ಪ್ಲಾಸ್ಟಿಕ್ ಕವರಿನೊಳಗೆ, ಕರ್ರಗೆ ಮಿರಮಿರ ಮಿಂಚುತ್ತ. ಮೂರು ಬೆರಳು ಹಾರಿಸಿದ ಸಿಡಿತ ಪಿನ್ನಿನ ಬಣ್ಣವನ್ನು ಕೂಡ ಕೆಡಿಸಿರಲಿಲ್ಲ. ಈಗಿನ ಕಾಲದಲ್ಲಿ ಬೆರಳಿಗಿಂತ ಪಿನ್ನನ್ನೇ ಗಟ್ಟಿಯಾಗಿ ಮಾಡುತ್ತಾರೆ ಎಂದುಕೊಂಡಳು ಹಿಟ್ಟಕ್ಕ.

“ನಾಳೆ ಹನ್ನೊಂದಕ್ಕೆ ತನಿಖೆಯವರು ಬರ್ತಾರೆ. ಅಷ್ಟರೊಳಗೆ ಸೈನ್ ಬೀಳ್ಬೇಕು. ಇಲ್ದಿದ್ರೆ ನೀನೂ ಗೊತ್ತಿದ್ದೇ ಪಿನ್ ಒಳಗೆ ಬಿಟ್ಟೆ ಅಂತ ಬರೀತೀನಿ. ಅತ್ತಿಗೆ ನಾದಿನಿ ಜೊತೇಲೇ ಕೋರ್ಟು ಸುತ್ಕೊಂಡಿರಿ. ಹೋಗು, ಮುಖ ತೋರಿಸ್ಬೇಡ.”

ಆ ಕಾರ್ಖಾನೆ ಮಾಡುತ್ತಿದ್ದುದು ಬಂದೂಕಿನ ತೋಟಾ. ಅದರಲ್ಲೂ ತೀರ ಸಣ್ಣವು, ಪೆನ್ಸಿಲ್ಲಿನಷ್ಟು ದಪ್ಪ. ಐವತ್ತರ ಡಬ್ಬಿ, ಡಬ್ಬಿಯ ಮೇಲೆ ಓಡುವ ಮೊಲದ ಚಿತ್ರ. ದಿನಕ್ಕೆ ಲಾರಿಗಟ್ಟಲೆ ಡಬ್ಬಿ ಹೊರಟರೂ ಲೋಕದಲ್ಲಿ ಮೊಲದ ಜಾತಿ ಹೇಗೆ ಉಳಿದಿದೆ ಎಂಬುದು ಪ್ಯಾಕಿಂಗ್ ಹೆಂಗಸರ ಹಳೆಯ ಜೋಕು. ಈ ತೋಟಾಕ್ಕೆ ಬಂದೂಕಿನ ಸುತ್ತಿಗೆ ಹೊಡೆಯುವುದು ಬುಡದ ನಡುವಿಗಲ್ಲ, ಬುಡದ ಅಂಚಿಗೆ. ಆದ್ದರಿಂದ ಸಿಡಿಯುವ ಹಿಟ್ಟು ಆ ಅಂಚಿನ ಮಡಿಕೆಯೊಳಗೇ ಹೋಗಿ ಕೂರಬೇಕು. ಕೂರಿಸುವುದಕ್ಕೆ ಯಂತ್ರವಿದೆ. ಯಂತ್ರಕ್ಕೆ ಅಳೆದುಕೊಡುವುದಕ್ಕೆ ಮಾತ್ರ ಹೆಂಗಸರ ಅಂಗೈ ಬೇಕು: ನೂರಾರು ತೂತಿನ ಹಲಗೆಯ ಮೇಲೆ ಒದ್ದೆ ಹಿಟ್ಟು ಹಾಕಿ, ತಿಕ್ಕಿ, ಒಂದೊಂದು ತೂತಿಗೂ ಕಾಳಿನಷ್ಟು ತುಂಬುವ ಕೆಲಸ. ಹಿಟ್ಟಕ್ಕನಿಗೆ ಆ ಹೆಸರು ಬಂದದ್ದು ಹಾಗೆ. ಒದ್ದೆ ಇರುವಷ್ಟು ಹೊತ್ತು ಹಿಟ್ಟು ಬರೀ ಮಣ್ಣು. ಒಣಗಿತೋ, ಉಗುರು ತಾಗಿದರೂ ಸಾಕು.

ಹಿಟ್ಟಿನ ಕೋಣೆಗೆ ಲೋಹ ಒಯ್ಯುವಂತಿಲ್ಲ. ಬಾಗಿಲಲ್ಲಿ ಹೆಂಗಸರು ಇಬ್ಬಿಬ್ಬರಾಗಿ ನಿಂತು ಒಬ್ಬರ ಜಡೆ ಒಬ್ಬರು ಬಿಚ್ಚಿ, ಬುಡದಿಂದ ತುದಿಯವರೆಗೆ ಬೆರಳಾಡಿಸಿ, ನೂಲಿನ ದಾರದಲ್ಲಿ ಮತ್ತೆ ಕಟ್ಟುತ್ತಾರೆ. ಯಾರ ತಲೆ ಯಾರ ಪಾಲಿಗೆ ಎಂಬುದು ವರ್ಷಗಟ್ಟಲೆ ಬದಲಾಗುವುದಿಲ್ಲ. ನಾದಿನಿಯ ತಲೆ ಒಂಬತ್ತು ವರ್ಷದಿಂದ ಹಿಟ್ಟಕ್ಕನ ಪಾಲು. ನೆತ್ತಿಯ ಹಳೆಯ ಗಾಯ, ಕಿವಿಯ ಹಿಂದೆ ಸದಾ ಸಿಕ್ಕಾಗುವ ಜಾಗ, ಅವಳಿಗೇ ಗೊತ್ತಿಲ್ಲದ ಮೊದಲ ಬಿಳಿಕೂದಲು, ಎಲ್ಲವೂ ಹಿಟ್ಟಕ್ಕನ ಬೆರಳಿಗೆ ಬಾಯಿಪಾಠ. ಅಂದು ಬೆಳಿಗ್ಗೆಯೂ ಆ ತಲೆಯಲ್ಲಿ ಕೂದಲು ಬಿಟ್ಟರೆ ಬೇರೇನೂ ಇರಲಿಲ್ಲ.

ಬೆರಳು ಹಾರಿಸಿದ್ದು ಪಿನ್ನಲ್ಲ, ನೀರಿನ ಕೊರತೆ. ಹಿಟ್ಟು ಕಲಸುವ ನೀರಜ್ಜ ಮೊದಲೆಲ್ಲ ಪಾತ್ರೆಗೆ ಎರಡು ಮಗ್ ನೀರು ಹಾಕುತ್ತಿದ್ದ. ಹೋದ ತಿಂಗಳು ದೊಡ್ಡ ಆರ್ಡರ್ ಬಂತು. ನೀರು ಜಾಸ್ತಿಯಿದ್ದರೆ ತೋಟಾ ಒಣಗುವುದು ತಡವೆಂದು ಮ್ಯಾನೇಜರು ಖುದ್ದಾಗಿ ಬಂದು, “ಒಂದು ಸಾಕು” ಎಂದರು. ಬರೆದುಕೊಡಿ ಎಂದು ಕೇಳಿದ ನೀರಜ್ಜನಿಗೆ, “ಎರಡು ಅಂತ ನಿಮ್ಮಪ್ಪ ಬರ್ಕೊಟ್ಟಿದ್ನೇನೋ?” ಎಂಬ ಉತ್ತರ ಸಿಕ್ಕಿತು. ಅಂದಿನಿಂದ ಹಲಗೆಯ ಈ ತುದಿ ತುಂಬುವುದರೊಳಗೆ ಆ ತುದಿ ಒಣಗಿ ತಿಳಿಹಳದಿಗೆ ತಿರುಗುತ್ತಿತ್ತು. ಹೆಂಗಸರು ಬೇಗಬೇಗ ತಿಕ್ಕುವುದನ್ನು ಕಲಿತರು. ನಾದಿನಿಯ ಕೈ ಸ್ವಲ್ಪ ನಿಧಾನ.

ಸಂಜೆ ಆಸ್ಪತ್ರೆಯಲ್ಲಿ ನಾದಿನಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಲಗೈ ಬ್ಯಾಂಡೇಜಿನಲ್ಲಿ ದಿಂಬಿನಷ್ಟಾಗಿತ್ತು.

“ಊಟ ಮಾಡಿದ್ಯೇನೇ?”

“ಎಡಗೈಲಿ ಮಾಡ್ದೆ. ಅರ್ಧ ಹಾಸಿಗೆ ತಿಂತು.” ಗೋಡೆಯಿಂದ ಈಚೆ ತಿರುಗಿ ಕೇಳಿದಳು, “ಅತ್ತಿಗೆ, ನನ್ನ ತಲೇಲಿ ಪಿನ್ ಇತ್ತಾ?”

“ಏನಂದೆ?”

“ಮ್ಯಾನೇಜರು ಬಂದಿದ್ರು. ಹಣ್ಣು ತಂದಿದ್ರು. ಪಿನ್ ಇತ್ತು ಕಣಮ್ಮ, ನಿಂಗೆ ನೆನಪಿಲ್ಲ ಅಂದ್ರು. ಅಷ್ಟು ಓದಿರೋರು ಅಷ್ಟು ಗಟ್ಟಿಯಾಗಿ ಹೇಳ್ತಾರೆ ಅಂದ್ಮೇಲೆ... ಇತ್ತೇನೋ. ನಂಗೆ ಸದ್ದು ಒಂದೇ ನೆನಪಿರೋದು.”

“ನಿನ್ ತಲೆ ನೋಡಿದ್ದು ಅವ್ರಾ, ನಾನಾ?”

“ನೀನೇ.”

“ಮತ್ತೆ ಬಾಯ್ಮುಚ್ಕೊಂಡು ಮಲ್ಕೋ.”

ಮನೆಯಲ್ಲಿ ಗಂಡ ಕಾಗದವನ್ನು ಎರಡು ಸಲ ಓದಿ ಮಡಚಿಟ್ಟ. ಬೆರಳು ಕಳೆದುಕೊಂಡವಳು ಅವನ ಒಡಹುಟ್ಟಿದ ತಂಗಿ. ಆದರೂ, “ಹಾಕ್ಬಿಡೇ,” ಎಂದ. “ಅವಳ ಕೈ ಅಂತೂ ಹೋಯ್ತು. ನಿನ್ನದಾದ್ರೂ ಉಳೀಲಿ.” ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಎರಡಕ್ಕೂ ಬೇಕಾದ ಶಕ್ತಿ ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ತನ್ನ ಕೈ ಉಳಿಯುವುದಾದರೂ ಯಾವುದರಿಂದ? ಮರುದಿನ ಬೆಳಿಗ್ಗೆ ಹಿಟ್ಟಿನ ಕೋಣೆಯ ಬಾಗಿಲಲ್ಲಿ ನಿಂತಾಗ ಹಿಟ್ಟಕ್ಕ ಯೋಚಿಸಿದ್ದು ಅದನ್ನೇ. ಪಿನ್ನಿನಿಂದ ಆದದ್ದು ಎಂದು ಬರೆದರೆ ನೀರು ಒಂದೇ ಮಗ್ ಆಗಿ ಉಳಿಯುತ್ತದೆ. ಅವಳ ಜಡೆ ಬಿಚ್ಚಬೇಕಾದವಳು ಆಸ್ಪತ್ರೆಯಲ್ಲಿದ್ದಳು. ಪಕ್ಕದ ಸಾಲಿನವಳೊಬ್ಬಳು ಬಂದು ಅಪರಿಚಿತ ಬೆರಳುಗಳನ್ನು ಕೂದಲಲ್ಲಿ ಆಡಿಸುತ್ತ ಕಿವಿಯ ಹತ್ತಿರ ಕೇಳಿದಳು: “ಸೈನ್ ಹಾಕಿದ್ಯಾ ಅಕ್ಕ?”

“ಇನ್ನೂ ಇಲ್ಲ.”

“ಹಾಕ್ತೀಯಾ?”

“ಬಿಗಿಯಾಗಿ ಕಟ್ಟೇ, ಬಿಚ್ಚೋಗುತ್ತೆ.”

ಒಳಗೆ ನೀರಜ್ಜ ಒಂದು ಮಗ್ ಸುರಿದು ಕಲಸುತ್ತಿದ್ದ. ಅವಳು ತನ್ನ ಪಾಲಿನ ಹಿಟ್ಟು ತೆಗೆದುಕೊಂಡು ಒಂದು ಹಲಗೆ ತುಂಬಿದಳು. ಅಂಚಿನ ಮೇಲೆ ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಆಮೇಲೆ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಯಂತ್ರದ ಕಡೆಗಲ್ಲ, ಬಾಗಿಲ ಕಡೆಗೆ ತಿರುಗಿದಳು.

“ಎಲ್ಲಿಗೆ ತಾಯಿ?” ಎಂದ ನೀರಜ್ಜ.

“ಆಫೀಸಿಗೆ. ಸೈನ್ ಹಾಕೋಕೆ.”

ಅವನು ಹಲಗೆಯನ್ನು ನೋಡಿದ, ಅವಳ ಮುಖ ನೋಡಿದ, ಮಗ್ಗು ಕೈಯಲ್ಲೇ ಹಿಡಿದು ಹಿಂದೆ ಹೊರಟ. ಹಾದಿಯುದ್ದಕ್ಕೂ ಯಂತ್ರಗಳು ಒಂದೊಂದಾಗಿ ನಿಂತವು. ತುಂಬಿದ ಹಲಗೆ ಅಂಗಳ ದಾಟುವುದನ್ನು ಅಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ.

ಮ್ಯಾನೇಜರು ತನಿಖೆಯವರಿಗಾಗಿ ಮೇಜು ಒಪ್ಪ ಮಾಡಿಸಿದ್ದರು. ಫ್ಯಾನು ತಿರುಗುತ್ತಿತ್ತು. ಹಿಟ್ಟಕ್ಕ ಹಲಗೆಯನ್ನು ಮೇಜಿನ ನಡುವೆ ಮೆಲ್ಲಗೆ ಇಳಿಸಿ, ಎದುರಿನ ಕುರ್ಚಿಯಲ್ಲಿ ಕೂತಳು.

“ತಲೆ ಕೆಟ್ಟಿದೆಯೇನೇ ಮುಂಡೇದೇ, ಎತ್ತು ಅದನ್ನ.”

“ದಡಕ್ಕಂತ ಏಳ್ಬೇಡಿ ಸಾರ್, ಮೇಜು ಅಲ್ಲಾಡುತ್ತೆ.”

ಅವರ ಕೈ ಫ್ಯಾನಿನ ಸ್ವಿಚ್ಚಿನ ಕಡೆ ಹೋಯಿತು.

“ಅದೂ ಬೇಡ. ಸ್ವಿಚ್ಚಲ್ಲಿ ಕಿಡಿ ಬರುತ್ತೆ. ಒಂದು ಮಗ್ಗಿನ ಹಿಟ್ಟು, ನೀವೇ ಸಾಕು ಅಂದಿದ್ದು. ಎಷ್ಟೊತ್ತು ಒದ್ದೆ ಇರುತ್ತೋ ಇಬ್ರೂ ಕೂತು ನೋಡೋಣ. ನಾವು ದಿನಾ ನೋಡ್ತೀವಿ, ನೀವು ಒಂದಿನ ನೋಡಿ.”

ಮ್ಯಾನೇಜರು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮೇಲಿಟ್ಟುಕೊಂಡರು. ದನಿ ತಾನಾಗಿಯೇ ತಗ್ಗಿತು. “ಯಾರಿದ್ದೀರಿ ಹೊರಗೆ? ನೀರು ತನ್ನಿ.”

ಬಾಗಿಲಲ್ಲಿ ನೀರಜ್ಜ ನಿಂತಿದ್ದ. ಅವನ ಹಿಂದೆ ಹಿಟ್ಟಿನ ಕೋಣೆಯ ಹೆಂಗಸರು ಸಾಲಾಗಿ ನಿಂತಿದ್ದರು.

“ಎಷ್ಟು ಮಗ್ ಸಾರ್?” ಎಂದು ಕೇಳಿದ, ವಿನಯದಿಂದಲೇ.

ಮ್ಯಾನೇಜರು ಹಲಗೆಯಿಂದ ಕಣ್ಣು ತೆಗೆಯದೆ ಹೇಳಿದರು, “ಎರಡು.”

“ಅದನ್ನೇ ಬರೀರಿ,” ಎಂದಳು ಹಿಟ್ಟಕ್ಕ. “ಎರಡು ಇತ್ತು, ಒಂದು ಮಾಡ್ಸಿದ್ದು ಮ್ಯಾನೇಜರಾದ ನಾನು, ಪಿನ್ ಇರ್ಲಿಲ್ಲ ಅಂತ. ಸಾಕ್ಷಿಗೆ ನಾನು ಸೈನ್ ಹಾಕ್ತೀನಿ. ನಂಗೆ ಬರುತ್ತೆ.”

ನೀರು ತರಲು ನೀರಜ್ಜ ಕದಲಲಿಲ್ಲ. ಹೊರಗೆ ಗೇಟಿನ ಹತ್ತಿರ ಕಾರೊಂದು ಬಂದು ನಿಂತ ಸದ್ದಾಯಿತು. ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು. ಪೆನ್ನು ಕಾಗದಕ್ಕೆ ಇನ್ನೂ ತಾಗಿರಲಿಲ್ಲ. ಫ್ಯಾನಿನ ಗಾಳಿಗೆ ಹಲಗೆಯ ಒಂದು ಮೂಲೆಯಲ್ಲಿ ಎರಡು ಸಾಲು ಆಗಲೇ ತಿಳಿಹಳದಿಗೆ ತಿರುಗಿದ್ದವು, ಮೂರನೆಯದು ತಿರುಗುತ್ತಿತ್ತು.