ನಾವು ಹೊಲಿದ ಹರಗೋಲು

“ದೂರ ಸರಿಯಲೇ ಸೂಳೇಮಗನ! ಈಗರ ಪೂಜಿ ಆಗೇತಿ, ಹರಗೋಲು ಮೈಲಿಗಿ ಮಾಡ್ತೀಯೇನು?”

ಹೊಳೆ ದಾಟಿಸುವ ಕಡವಿನ ಗುತ್ತಿಗೆ ಹಿಡಿದಿದ್ದ ಸಾಹುಕಾರ ಮಹಾಲಿಂಗಪ್ಪ ಗಾಂಧಿ ಟೊಪ್ಪಿಗೆ ಸರಿಮಾಡಿಕೊಂಡು ಬಾರುಕೋಲು ಎತ್ತಿದ. ನನ್ನ ಅಳಿಯ ಯಲ್ಲಪ್ಪ ಹಿಂದೆ ಸರಿದ. ಆ ಹರಗೋಲಿಗೆ ತೊಗಲು ಹೊಲಿದವನು ಅವನೇ. ಹೊಲಿಗೆಗೆ ಕೊಬ್ಬು ಸವರಿದವಳು ನಾನು, ಮಾದರ ಹುಚ್ಚವ್ವ. ಗೋಮೂತ್ರ ಚಿಮುಕಿಸಿ ಕಾಯಿ ಒಡೆದರೆ ತೀರಿತು, ಆಮೇಲೆ ನಾವು ಅದನ್ನು ಮುಟ್ಟುವಂತಿಲ್ಲ.

ಹಾನಗಲ್ಲಿನ ಬೆಲ್ಲ, ಸವಣೂರಿನ ಎಲೆ, ಹಿರೇಕೆರೂರಿನ ಹತ್ತಿ ಇಲ್ಲಿಂದಲೇ ತುಂಗಭದ್ರೆ ದಾಟಿ ಮೈಸೂರು ಸೀಮೆಗೆ ಹೋಗುತ್ತಿದ್ದವು. ಪೇಟೆಯ ಮಾಳಿಗೆ ಮನೆಗಳೆಲ್ಲ ಎದ್ದದ್ದು ಅದರಿಂದ. ನಮ್ಮ ತೊಗಲಿನ ಮೇಲೆ ಎಮ್ಮೆಯ ಕರು ಕೂಡ ದಾಟುತ್ತಿತ್ತು. ನಾವು ಮಾತ್ರ ಬೇಸಿಗೆಯಲ್ಲಿ ನೀರಿಳಿದಾಗ ನಡೆದು ದಾಟಬೇಕು. ಈಗ ಶ್ರಾವಣ, ಹೊಳೆ ದಂಡೆ ಮೀರಿ ಹರಿಯುತ್ತಿತ್ತು.

ಮಗಳು ದುರಗವ್ವ ಕೆಸರಿನಲ್ಲಿ ಬಿದ್ದು ಒದ್ದಾಡುತ್ತಿದ್ದಳು. ನಿನ್ನೆಯಿಂದ ಹೆರಿಗೆ ನೋವು, ಕೂಸು ಅಡ್ಡ ತಿರುಗಿತ್ತು. ದವಾಖಾನೆ ಇದ್ದದ್ದು ಆಚೆ ದಂಡೆಯ ಊರಲ್ಲಿ.

“ಯಪ್ಪಾ, ನಿಮ್ಮ ಕಾಲಿಗೆ ಬೀಳ್ತೇನ್ರಿ. ಎರಡು ಜೀವ ಅದಾವರಿ,” ಎಂದೆ.

“ನೀವು ಕುಂತ ಹರಗೋಲಿನ್ಯಾಗಿನ ಬೆಲ್ಲ ಯಾಂವ ತಿಂತಾನಬೇ? ನಿಮ್ಮ ಕೇರ್ಯಾಗ ಹಡಿಯೂದು ಹೊಸಾದೇನು? ಅತ್ತಾಗ ಎಳಕೊಂಡು ಹೋಗ್ರಿ, ರಂಡೇರ.”

ದುರಗವ್ವ ಮತ್ತೊಮ್ಮೆ ಚೀರಿದಳು. ಇವನ ಮುಂದೆ ಇನ್ನೆಷ್ಟು ಹಲ್ಲು ಗಿಂಜುವುದು?

“ಎತ್ತೋ ಆಕೀನ, ಯಲ್ಲಪ್ಪಾ! ಆ ಬೆಲ್ಲ ಹೊಳಿಗೆ ಹಾಕು!”

ಮಗಳನ್ನು ಹೊತ್ತು ತಂದಿದ್ದ ಕೇರಿಯ ಗಂಡಸರೆಲ್ಲ ನುಗ್ಗಿದರು. ಬೆಲ್ಲದ ಪೆಂಟೆಗಳು ದುಡುಂ ದುಡುಂ ಎಂದು ನೀರಿಗೆ ಬಿದ್ದವು. ಮಗಳನ್ನು ಹರಗೋಲಿನಲ್ಲಿ ಮಲಗಿಸಿ ನಾನೂ ಹತ್ತಿದೆ. ದಂಡೆಗೆ ಕಟ್ಟಿದ್ದ ಹಗ್ಗ ಕೊಯ್ದು ಯಲ್ಲಪ್ಪನೂ ಒಳಗೆ ಹಾರಿಕೊಂಡ.

“ಚಂದ್ರಪ್ಪಾ, ಹುಟ್ಟು ಹಾಕಿದ್ಯೋ, ನಿನ್ನ ಮನಿಗೆ ಬೆಂಕಿ ಇಡ್ತೇನಿ ಮಗನ!” ಸಾಹುಕಾರ ದಂಡೆಯಿಂದ ಕೂಗಿದ.

ಹರಗೋಲಿನಲ್ಲಿ ಹುಟ್ಟು ಹಿಡಿದು ಕೂತಿದ್ದ ಅಂಬಿಗ ಚಂದ್ರಪ್ಪ ನನ್ನ ಮುಖ ನೋಡಿದ. “ನಾನೂ ಮಕ್ಕಳು ಮರಿ ಇದ್ದಾಂವ, ಯವ್ವಾ,” ಎಂದವನೇ ಹುಟ್ಟು ಬಿಟ್ಟು ನೀರಿಗೆ ಹಾರಿ, ದಂಡೆಯತ್ತ ಈಜಿದ.

ಸೆಳವು ನಮ್ಮನ್ನು ನಡುಹೊಳೆಗೆ ಎಳೆದುಕೊಂಡಿತು. ಯಲ್ಲಪ್ಪ ಹುಟ್ಟು ಹಿಡಿದ. ಮೀಸೆ ಮೂಡುವ ಮೊದಲಿನಿಂದ ಹರಗೋಲಿಗೆ ತೊಗಲು ಹೊಲಿದವನು, ಒಂದು ದಿನವೂ ಅದರಲ್ಲಿ ಕೂತವನಲ್ಲ. ಒಂದೇ ಬದಿಗೆ ನೀರು ಬಡಿದ. ಹರಗೋಲು ಗರಗರ ತಿರುಗತೊಡಗಿತು. ಪೇಟೆ ಎದುರಿಗೆ ಬಂತು, ಆಚೆ ದಂಡೆ ಬಂತು, ಮತ್ತೆ ಪೇಟೆಯೇ ಬಂತು.

“ಅತ್ತೀ, ಎತ್ತ ಹಾಕ್ಲಿ? ಎತ್ತ ಹಾಕ್ಲಿ, ಹೇಳಬೇ!”

ನನಗೂ ಗೊತ್ತಿರಲಿಲ್ಲ. ದುರಗವ್ವ ಚೀರುವುದನ್ನು ನಿಲ್ಲಿಸಿದ್ದಳು. ಸೀರೆ ಸರಿಸಿದೆ. ಕೂಸಿನ ಒಂದು ಕೈ ಮಾತ್ರ ಹೊರಗೆ ಬಂದಿತ್ತು. ನಾನು ಅದನ್ನು ಹಿಡಿದುಕೊಂಡೆ.